ಮೇಜಿನ ಸುತ್ತ ಕೂತು ಓದುವ ವಿದ್ಯೆ: ಶಿಕಾಗೊ ವಿಶ್ವವಿದ್ಯಾಲಯವನ್ನು ಕುರಿತು

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸುವ ಯೋಚನೆಯಲ್ಲಿರುವ ಪರಿಚಯಸ್ಥರು ಈಚೆಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಶಿಕಾಗೊ ವಿಶ್ವವಿದ್ಯಾಲಯ ಅಷ್ಟೊಂದು ದುಡ್ಡಿಗೆ ತಕ್ಕದ್ದೇ? ನನ್ನ ತಂಗಿಯ ಮಗಳು ಅಲ್ಲಿ ನಾಲ್ಕು ವರ್ಷ ಓದಿ ಪದವಿ ಪಡೆದಳು. ಆ ಅವಧಿಯಲ್ಲಿ ನಾನು ಎರಡು ಸಲ, ಒಮ್ಮೆ ಜನವರಿಯ ಕೊರೆಯುವ ಚಳಿಯಲ್ಲಿ, ಇನ್ನೊಮ್ಮೆ ಮೇ ತಿಂಗಳ ಹಸಿರಿನಲ್ಲಿ, ಹೋಗಿ ಕೆಲವು ವಾರ ಅಲ್ಲಿ ಉಳಿದಿದ್ದೆ. ಅವಳ ಅಧ್ಯಾಪಕರ ಅನುಮತಿ ಪಡೆದು ಕೆಲವು ತರಗತಿಗಳಲ್ಲಿ ಹಿಂದೆ ಕೂತು ಕೇಳಿದೆ, ಗ್ರಂಥಾಲಯದಲ್ಲಿ ದಿನಗಟ್ಟಲೆ ಕಳೆದೆ, ಊರಿನ ಬೀದಿಗಳಲ್ಲಿ ಅಲೆದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನಾದ್ದರಿಂದ ನನ್ನ ಗಮನವೆಲ್ಲ ಕಟ್ಟಡಗಳಿಗಿಂತ ತರಗತಿಯ ಮೇಲೆಯೇ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಗೊಂದಲವನ್ನು ಮೊದಲು ನಿವಾರಿಸಬೇಕು. ಅದೇ ನಗರದಲ್ಲಿ ಇಲಿನಾಯ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೂ ಇದೆ, ಹೆಸರಿನಲ್ಲಿ ಶಿಕಾಗೊ ಎಂದಿರುವ ಬೇರೆ ಸಂಸ್ಥೆಗಳೂ ಇವೆ. ನಾನು ಬರೆಯುತ್ತಿರುವುದು ನಗರದ ದಕ್ಷಿಣ ಭಾಗದ ಹೈಡ್ ಪಾರ್ಕ್ ಬಡಾವಣೆಯಲ್ಲಿ, ಮಿಷಿಗನ್ ಸರೋವರದಿಂದ ಸ್ವಲ್ಪ ದೂರದಲ್ಲಿರುವ, ಖಾಸಗಿ ಸಂಶೋಧನಾ ವಿಶ್ವವಿದ್ಯಾಲಯದ ಬಗ್ಗೆ. ಅರ್ಜಿ ತುಂಬುವಾಗ ಈ ಹೆಸರುಗಳನ್ನು ಅದಲು ಬದಲು ಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ಈ ಸಂಸ್ಥೆ ಹುಟ್ಟಿದ ಬಗೆ ತಿಳಿದರೆ ಇಂದಿನ ಅದರ ಸ್ವಭಾವ ಅರ್ಧ ಅರ್ಥವಾದಂತೆ. 1857ರಲ್ಲಿ ಬ್ಯಾಪ್ಟಿಸ್ಟ್ ಪಂಥದವರು ಇದೇ ಹೆಸರಿನ ಕಾಲೇಜೊಂದನ್ನು ಸ್ಥಾಪಿಸಿದ್ದರು. ಸಾಲದ ಹೊರೆ ತಾಳಲಾರದೆ ಅದು 1886ರಲ್ಲಿ ಮುಚ್ಚಿತು. ಮೂರು ವರ್ಷಗಳ ನಂತರ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಒಡೆಯ ಜಾನ್ ಡಿ. ರಾಕ್‌ಫೆಲರ್ ಹೊಸದೊಂದು ಸಂಸ್ಥೆಗೆ 6 ಲಕ್ಷ ಡಾಲರ್ ಕೊಡುವುದಾಗಿ ಒಪ್ಪಿದ. ಆದರೆ ಉಳಿದ 4 ಲಕ್ಷವನ್ನು ಊರಿನವರು ಒಂದು ವರ್ಷದೊಳಗೆ ಕೂಡಿಸಬೇಕೆಂಬ ಷರತ್ತನ್ನೂ ಹಾಕಿದ. ಊರಿನವರು ಕೂಡಿಸಿದರು. ಹೆಸರಾಂತ ಅಂಗಡಿಯೊಂದರ ಮಾಲೀಕ ಮಾರ್ಷಲ್ ಫೀಲ್ಡ್ ಹತ್ತು ಎಕರೆ ಜಾಗ ಕೊಟ್ಟ. 1890ರಲ್ಲಿ ಸಂಸ್ಥೆ ನೋಂದಣಿಯಾಯಿತು, 1892ರ ಅಕ್ಟೋಬರ್ 1ರಂದು ಉದ್ಘಾಟನಾ ಸಮಾರಂಭವಿಲ್ಲದೆ ನೇರವಾಗಿ ಪಾಠ ಶುರುವಾಯಿತು. ಅದರ ಮರುವರ್ಷವೇ ಪಕ್ಕದ ಮೈದಾನಗಳಲ್ಲಿ ಕೊಲಂಬಿಯನ್ ವಿಶ್ವಮೇಳ ನಡೆಯಿತು. ಆ ಮೇಳದ ಅಂಗವಾಗಿ ನಗರದ ನಡುಭಾಗದಲ್ಲಿ ಸೇರಿದ್ದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಅವರ ನೆನಪಿನಲ್ಲಿ ಭಾರತ ಸರ್ಕಾರ 2012ರಲ್ಲಿ 15 ಲಕ್ಷ ಡಾಲರ್ ಕೊಟ್ಟು ಈ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕ ಪೀಠವೊಂದನ್ನು ಸ್ಥಾಪಿಸಿದೆ.

ಹಣ ರಾಕ್‌ಫೆಲರನದಾದರೂ ಕಲ್ಪನೆ ವಿಲಿಯಂ ರೈನಿ ಹಾರ್ಪರನದು. ಹದಿನಾಲ್ಕನೆಯ ವಯಸ್ಸಿಗೆ ಪದವಿ, ಹದಿನೆಂಟಕ್ಕೆ ಯೇಲ್‌ನಲ್ಲಿ ಡಾಕ್ಟರೇಟ್ ಮುಗಿಸಿದ್ದ ಈ ಹೀಬ್ರೂ ಪಂಡಿತ ಮೊದಲ ಅಧ್ಯಕ್ಷನಾಗಿ ಮಾಡಿದ ಏರ್ಪಾಡುಗಳಲ್ಲಿ ಹಲವು ಇಂದಿಗೂ ಉಳಿದಿವೆ. ವರ್ಷವನ್ನು ಎರಡು ಸೆಮಿಸ್ಟರ್‌ಗಳ ಬದಲು ನಾಲ್ಕು ಕ್ವಾರ್ಟರ್‌ಗಳಾಗಿ ಒಡೆದದ್ದು, ಬೇಸಿಗೆಯಲ್ಲೂ ತರಗತಿ ನಡೆಸಿದ್ದು, ತರಗತಿ ಶುರುವಾಗುವ ಮೊದಲೇ ಮುದ್ರಣಾಲಯವನ್ನು ವಿಶ್ವವಿದ್ಯಾಲಯದ ಅಂಗವಾಗಿ ಕಟ್ಟಿದ್ದು, ಹೆಣ್ಣುಮಕ್ಕಳನ್ನು ಮೊದಲ ದಿನದಿಂದಲೇ ಸೇರಿಸಿಕೊಂಡದ್ದು ಎಲ್ಲವೂ ಅವನ ಕಾಲದವು. ಪದವಿ ಕಾಲೇಜು ಮತ್ತು ಜರ್ಮನ್ ಮಾದರಿಯ ಸಂಶೋಧನಾ ಕೇಂದ್ರ ಒಂದೇ ಅಂಗಳದಲ್ಲಿರಬೇಕು, ಹೊಸ ಜ್ಞಾನವನ್ನು ಹುಡುಕುವವರೇ ಹದಿನೆಂಟು ವರ್ಷದ ಹುಡುಗರಿಗೂ ಪಾಠ ಹೇಳಬೇಕು ಎಂಬುದು ಅವನ ಹಟವಾಗಿತ್ತು. 1906ರಲ್ಲಿ, ಐವತ್ತು ತುಂಬುವ ಮೊದಲೇ, ಅವನು ತೀರಿಕೊಂಡ.

ಕ್ವಾರ್ಟರ್ ಪದ್ಧತಿಯ ಬಗ್ಗೆ ಪೋಷಕರು ವಿಶೇಷವಾಗಿ ತಿಳಿದಿರಬೇಕು. ಒಂದು ವಿಷಯ ಒಂಬತ್ತು ಹತ್ತು ವಾರಗಳಲ್ಲಿ ಮುಗಿಯುತ್ತದೆ. ಮೂರನೆಯ ವಾರಕ್ಕೆ ಮೊದಲ ಪರೀಕ್ಷೆ ಎದುರಾಗಬಹುದು. ಜ್ವರ ಬಂದು ಒಂದು ವಾರ ಮಲಗಿದರೆ ಹತ್ತರಲ್ಲೊಂದು ಭಾಗ ಕೈತಪ್ಪಿದಂತೆ. ನಮ್ಮಲ್ಲಿ ಪರೀಕ್ಷೆಯ ತಿಂಗಳಿಗೆ ಮುಂಚೆ ಕೂತು ಓದಿ ಗೆಲ್ಲುವ ಅಭ್ಯಾಸ ಬೆಳೆಸಿಕೊಂಡ ಬುದ್ಧಿವಂತ ಮಕ್ಕಳಿಗೆ ಮೊದಲ ವರ್ಷ ಇಲ್ಲಿ ನಿಜವಾಗಿಯೂ ಕಷ್ಟ. ಮೋಜು ಸಾಯಲು ಬರುವ ಸ್ಥಳವಿದು ಎಂಬ ಮಾತನ್ನು ಅಲ್ಲಿನ ವಿದ್ಯಾರ್ಥಿಗಳೇ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗಿದ್ದುಂಟು. ನನ್ನ ಸೋದರಸೊಸೆ ಮೊದಲ ಕ್ವಾರ್ಟರ್‌ನಲ್ಲಿ ಫೋನು ಮಾಡಿ, "ಮಾವ, ಇಲ್ಲಿ ಯಾರೂ ನೋಟ್ಸ್ ಕೊಡಲ್ಲ, ನೀನೇನು ಹೇಳ್ತೀಯ ಅಂತ ಕೇಳ್ತಾರೆ" ಎಂದು ಅತ್ತಿದ್ದಳು. ನಾಲ್ಕನೆಯ ವರ್ಷ ಅವಳೇ ಆ ಪ್ರಶ್ನೆಯನ್ನು ಕಿರಿಯರಿಗೆ ಕೇಳುವುದನ್ನು ನಾನು ಕಂಡೆ.

ಈ "ನೀನೇನು ಹೇಳುತ್ತೀ" ಎಂಬುದಕ್ಕೆ ಅಲ್ಲಿ ಕೋರ್ ಎಂಬ ಹೆಸರಿದೆ. ಯಾವ ವಿಷಯದಲ್ಲಿ ಪದವಿ ಪಡೆಯುವವರಾದರೂ, ಅರ್ಥಶಾಸ್ತ್ರವಿರಲಿ ಕಂಪ್ಯೂಟರ್ ವಿಜ್ಞಾನವಿರಲಿ, ಮಾನವಿಕ, ಸಮಾಜ ವಿಜ್ಞಾನ, ನಾಗರಿಕತೆಗಳ ಅಧ್ಯಯನ, ಗಣಿತ, ಭೌತ ಮತ್ತು ಜೀವ ವಿಜ್ಞಾನಗಳ ನಿಗದಿತ ಭಾಗವನ್ನು ಓದಲೇಬೇಕು. ಇದರ ಬೇರು 1929ರಲ್ಲಿ ಮೂವತ್ತನೆಯ ವಯಸ್ಸಿಗೆ ಅಧ್ಯಕ್ಷನಾದ ರಾಬರ್ಟ್ ಹಚಿನ್ಸ್‌ನ ಕಾಲದಲ್ಲಿದೆ. ವಿದ್ಯಾರ್ಥಿ ಪಠ್ಯಪುಸ್ತಕವನ್ನಲ್ಲ, ಮೂಲ ಗ್ರಂಥವನ್ನೇ ಓದಬೇಕು. ಪ್ಲೇಟೊ ಏನು ಹೇಳಿದ ಎಂದು ಇನ್ನೊಬ್ಬರು ಬರೆದದ್ದನ್ನಲ್ಲ, ಪ್ಲೇಟೊನನ್ನೇ ಎದುರಿಗಿಟ್ಟುಕೊಳ್ಳಬೇಕು ಎಂಬುದು ಅವನ ಕಾಲದಲ್ಲಿ ಬೇರೂರಿದ ಪದ್ಧತಿ. ದೇಶದ ಪ್ರಮುಖ ಫುಟ್‌ಬಾಲ್ ತಂಡಗಳಲ್ಲಿ ಒಂದಾಗಿದ್ದ, 1935ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು ಮೊಟ್ಟಮೊದಲು ಗಳಿಸಿದ ಆಟಗಾರನನ್ನು ಕೊಟ್ಟ ತಂಡವನ್ನು 1939ರಲ್ಲಿ ಅವನ ಆಡಳಿತ ನಿಲ್ಲಿಸಿಯೇ ಬಿಟ್ಟಿತು. ಅಮೆರಿಕದಂಥ ದೇಶದಲ್ಲಿ ಇದು ಎಂಥ ನಿರ್ಧಾರ ಎಂಬುದು ಅಲ್ಲಿ ಕಾಲೇಜು ಫುಟ್‌ಬಾಲ್ ನಡೆಯುವ ಒಂದು ಶನಿವಾರ ಕಳೆದವರಿಗೆ ಗೊತ್ತಾಗುತ್ತದೆ. ಹಚಿನ್ಸ್‌ನ ಪಠ್ಯಕ್ರಮ ಹಾಗೆಯೇ ಉಳಿದಿಲ್ಲ. ಹಲವು ಸಲ ಸಡಿಲಗೊಂಡಿದೆ, ಆಯ್ಕೆಗಳು ಹೆಚ್ಚಿವೆ. ಆದರೂ ಇಪ್ಪತ್ತಕ್ಕೂ ಕಡಿಮೆ ವಿದ್ಯಾರ್ಥಿಗಳು ಒಂದು ಮೇಜಿನ ಸುತ್ತ ಕೂತು, ಎಲ್ಲರೂ ಅದೇ ಪುಟವನ್ನು ತೆರೆದಿಟ್ಟುಕೊಂಡು, ಒಂದು ವಾಕ್ಯದ ಮೇಲೆ ಅರ್ಧ ಗಂಟೆ ವಾದಿಸುವ ರೂಢಿ ಉಳಿದಿದೆ. ಕೊಡುವ ದುಡ್ಡಿಗೆ ಅಲ್ಲಿ ಸಿಗುವ ಮುಖ್ಯ ವಸ್ತು ಇದೇ ಎಂದು ನಾನು ನಂಬುತ್ತೇನೆ. ಇದು ಬೇಡವಾದವರಿಗೆ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಪದವಿ ಕೊಡುವ ಸಂಸ್ಥೆಗಳು ಬೇಕಾದಷ್ಟಿವೆ.

ವಿಜ್ಞಾನದ ಚರಿತ್ರೆಗೆ ಬಂದರೆ ಹೇಳಬೇಕಾದದ್ದು ಬಹಳ. ಅಮೆರಿಕಕ್ಕೆ ವಿಜ್ಞಾನದ ಮೊದಲ ನೊಬೆಲ್ ತಂದ ಆಲ್ಬರ್ಟ್ ಮೈಕೆಲ್ಸನ್ ಇಲ್ಲಿನ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಯ ಹನಿಗಳಿಂದ ಅಳೆದ ಮಿಲಿಕನ್ನನ ಪ್ರಯೋಗ, ಪ್ರಾಚೀನ ವಸ್ತುಗಳ ಕಾಲವನ್ನು ಇಂಗಾಲದಿಂದ ನಿರ್ಣಯಿಸುವ ಲಿಬಿಯ ವಿಧಾನ, ಕಣ್ಣುಗುಡ್ಡೆ ವೇಗವಾಗಿ ಚಲಿಸುವ ನಿದ್ರಾಸ್ಥಿತಿಯ ಶೋಧ, ಜೀವದ ಮೂಲ ದ್ರವ್ಯಗಳು ಹೇಗೆ ಉಂಟಾಗಿರಬಹುದೆಂದು ತೋರಿದ ಮಿಲ್ಲರ್ ಮತ್ತು ಯೂರಿ ಅವರ ಗಾಜಿನ ಬುರುಡೆಯ ಪ್ರಯೋಗ ಎಲ್ಲವೂ ಈ ಕೆಲವೇ ಬೀದಿಗಳೊಳಗೆ ನಡೆದವು. ಸುಬ್ರಹ್ಮಣ್ಯನ್ ಚಂದ್ರಶೇಖರ್ 1937ರಲ್ಲಿ ಸೇರಿ, 1995ರಲ್ಲಿ ತೀರಿಕೊಳ್ಳುವವರೆಗೂ ಈ ಸಂಸ್ಥೆಯನ್ನು ಬಿಡಲಿಲ್ಲ. ವಿಸ್ಕಾನ್ಸಿನ್‌ನಲ್ಲಿದ್ದ ಯರ್ಕೀಸ್ ವೀಕ್ಷಣಾಲಯದಲ್ಲಿ ಮೊದಲ ವರ್ಷಗಳನ್ನು ಕಳೆದ ಅವರಿಗೆ 1983ರಲ್ಲಿ ನೊಬೆಲ್ ಬಂತು. ವಿಶ್ವವಿದ್ಯಾಲಯ ತನ್ನ ಪ್ರಚಾರದಲ್ಲಿ ತೊಂಬತ್ತಕ್ಕೂ ಹೆಚ್ಚು ನೊಬೆಲ್ ಪುರಸ್ಕೃತರನ್ನು ಲೆಕ್ಕ ಹಾಕುತ್ತದೆ. ಅಲ್ಲಿ ಓದಿ ಹೋದವರು, ಕೆಲಕಾಲ ಕಲಿಸಿದವರು, ಸಂಶೋಧಕರಾಗಿದ್ದವರು ಎಲ್ಲರೂ ಆ ಎಣಿಕೆಯೊಳಗೆ ಸೇರುತ್ತಾರೆ. ಪೋಷಕರು ಈ ಸಂಖ್ಯೆಗೆ ಹೆಚ್ಚು ತೂಕ ಕೊಡುವುದು ಬೇಡ.

ಒಂದು ಘಟನೆಯನ್ನು ಮಾತ್ರ ಹಾಗೆ ದಾಟಿ ಹೋಗಲಾರೆ. ಫುಟ್‌ಬಾಲ್ ನಿಂತ ಮೇಲೆ ಸ್ಟ್ಯಾಗ್ ಕ್ರೀಡಾಂಗಣದ ಪಡುವಣ ಗ್ಯಾಲರಿಯ ಕೆಳಗಿನ ಆಟದ ಅಂಕಣವೊಂದರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ತಂಡ ಗ್ರಾಫೈಟ್ ಇಟ್ಟಿಗೆಗಳನ್ನೂ ಯುರೇನಿಯಂ ಉಂಡೆಗಳನ್ನೂ ಪದರ ಪದರವಾಗಿ ಜೋಡಿಸಿತು. 1942ರ ಡಿಸೆಂಬರ್ 2ರ ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ, ಮನುಷ್ಯ ನಿಯಂತ್ರಿಸಿದ, ತಾನಾಗಿಯೇ ಮುಂದುವರಿಯುವ ಮೊದಲ ಪರಮಾಣು ಸರಣಿ ಕ್ರಿಯೆ ಅಲ್ಲಿ ನಡೆಯಿತು. ವಿಕಿರಣಕ್ಕೆ ಅಡ್ಡಗೋಡೆಯಿರಲಿಲ್ಲ, ತಂಪು ಮಾಡುವ ವ್ಯವಸ್ಥೆಯಿರಲಿಲ್ಲ, ಸುತ್ತ ಲಕ್ಷಾಂತರ ಜನ ಬದುಕುವ ನಗರವಿತ್ತು. ಅಣುಬಾಂಬಿಗೆ ದಾರಿ ತೆರೆದ ಇದನ್ನು ಕೇವಲ ಹೆಮ್ಮೆಯಿಂದ ಹೇಳುವುದು ನನಗೆ ಸಾಧ್ಯವಿಲ್ಲ. ಆದರೆ ಅದೇ ಶಿಕಾಗೊ ಪ್ರಯೋಗಾಲಯದ ವಿಜ್ಞಾನಿಗಳಲ್ಲಿ ಕೆಲವರು 1945ರ ಜೂನ್‌ನಲ್ಲಿ, ಜೇಮ್ಸ್ ಫ್ರಾಂಕ್‌ನ ಮುಂದಾಳುತನದಲ್ಲಿ, ಬಾಂಬನ್ನು ಎಚ್ಚರಿಕೆಯಿಲ್ಲದೆ ಜಪಾನಿನ ಮೇಲೆ ಹಾಕಬಾರದು, ಮೊದಲು ನಿರ್ಜನ ಸ್ಥಳದಲ್ಲಿ ಅದರ ಶಕ್ತಿಯನ್ನು ತೋರಿಸಬೇಕು ಎಂದು ಸರ್ಕಾರಕ್ಕೆ ಬರೆದು ಕೊಟ್ಟರು. ಸರ್ಕಾರ ಕೇಳಲಿಲ್ಲ. ಈಗ ಆ ಜಾಗದಲ್ಲಿ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವಿದೆ. ಒಂದು ಬದಿಯಿಂದ ಅದು ತಲೆಬುರುಡೆಯಂತೆ, ಇನ್ನೊಂದು ಬದಿಯಿಂದ ಅಣಬೆ ಮೋಡದಂತೆ ಕಾಣಿಸುತ್ತದೆ. ಕ್ರೀಡಾಂಗಣದ ಉಳಿದ ನೆಲದ ಮೇಲೆ 1970ರಲ್ಲಿ ರೀಗನ್‌ಸ್ಟೈನ್ ಗ್ರಂಥಾಲಯ ಎದ್ದಿತು.

ಸಮಾಜ ವಿಜ್ಞಾನಗಳಲ್ಲಿ ಶಿಕಾಗೊ ಎಂಬ ಹೆಸರು ಊರಿನದಕ್ಕಿಂತ ಹೆಚ್ಚಾಗಿ ಪಂಥದ ಹೆಸರು. 1892ರಲ್ಲೇ ಪ್ರತ್ಯೇಕ ಸಮಾಜಶಾಸ್ತ್ರ ವಿಭಾಗ ತೆರೆದು, ಆ ನಗರವನ್ನೇ ಪ್ರಯೋಗಶಾಲೆ ಎಂದು ಬಗೆದು ವಲಸಿಗರ ಕೇರಿಗಳನ್ನೂ ಬಾಡಿಗೆ ಮನೆಗಳನ್ನೂ ಅಧ್ಯಯನ ಮಾಡಿದ ಪರಂಪರೆ ಇಲ್ಲಿಯದು. ಹಳ್ಳಿಗಳ ಅಧ್ಯಯನದಲ್ಲಿ ಆಸಕ್ತಿ ಹೊಂದಿದ್ದ ಇಲ್ಲಿನ ಮಾನವಶಾಸ್ತ್ರಜ್ಞರ ಬಳಗದಿಂದ ಹೊರಟು 1955ರಲ್ಲಿ ಇಲ್ಲಿನ ಮುದ್ರಣಾಲಯ ಪ್ರಕಟಿಸಿದ ಭಾರತೀಯ ಗ್ರಾಮಗಳ ಸಂಕಲನದಲ್ಲಿ ನಮ್ಮ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರ ಕುರಿತು ಬರೆದ ಲೇಖನವಿದೆ. ಮುಕ್ತ ಮಾರುಕಟ್ಟೆಯನ್ನು ಎತ್ತಿಹಿಡಿದ ಇಲ್ಲಿನ ಅರ್ಥಶಾಸ್ತ್ರದ ಕೀರ್ತಿ ಎಲ್ಲರಿಗೂ ಗೊತ್ತಿರುವುದೇ: ಮಿಲ್ಟನ್ ಫ್ರೀಡ್‌ಮನ್, ಜಾರ್ಜ್ ಸ್ಟಿಗ್ಲರ್, ಗ್ಯಾರಿ ಬೆಕರ್, ರಾಬರ್ಟ್ ಲೂಕಾಸ್, ಕಾನೂನು ಶಾಲೆಯಲ್ಲಿದ್ದ ರೊನಾಲ್ಡ್ ಕೋಸ್. ಇಲ್ಲಿ ತರಬೇತಾದ ಚಿಲಿ ದೇಶದ ಅರ್ಥಶಾಸ್ತ್ರಜ್ಞರು ಮುಂದೆ ಪಿನೋಶೆಯ ಸೇನಾಡಳಿತದಲ್ಲಿ ನೀತಿ ರೂಪಿಸಿದ್ದು ಆ ಕೀರ್ತಿಯ ಇನ್ನೊಂದು ಮುಖ. ಇಂದು ಭಾರತದಿಂದ ಹೋಗುವ ಹೆಚ್ಚಿನವರ ಕಣ್ಣು ಅರ್ಥಶಾಸ್ತ್ರ ಮತ್ತು ಬೂತ್ ವ್ಯವಹಾರ ಶಾಲೆಯ ಮೇಲೆಯೇ ಇರುವುದು ಸಹಜ. ಅವುಗಳ ಗುಣಮಟ್ಟದ ಬಗ್ಗೆ ನಾನು ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ.

ನನ್ನ ಮನಸ್ಸು ಸೋತದ್ದು ಬೇರೆ ಕಡೆ. ಅಲ್ಲಿನ ಪ್ರಾಚೀನ ಪೂರ್ವದೇಶಗಳ ಅಧ್ಯಯನ ಸಂಸ್ಥೆ 1919ರಲ್ಲಿ ಸ್ಥಾಪನೆಯಾಯಿತು. ಎರಡು ವರ್ಷಗಳ ನಂತರ ಅಲ್ಲಿನ ವಿದ್ವಾಂಸರು ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ ನಿಘಂಟಿನ ಕೆಲಸ ಆರಂಭಿಸಿದರು. ಮಣ್ಣಿನ ಹಲಗೆಗಳ ಮೇಲಿನ ಬೆಣೆಲಿಪಿಯನ್ನು ಓದಿ, ಒಂದೊಂದು ಪದಕ್ಕೂ ಚೀಟಿ ಬರೆದು, ತಲೆಮಾರುಗಳು ದಾಟಿ, 2011ರಲ್ಲಿ 21 ಸಂಪುಟಗಳಲ್ಲಿ ಮುಗಿಸಿದರು. ತೊಂಬತ್ತು ವರ್ಷ! ಶುರುಮಾಡಿದವರಲ್ಲಿ ಯಾರೂ ಕೊನೆಯ ಸಂಪುಟವನ್ನು ಕಾಣಲಿಲ್ಲ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಿಗೆ ಹಿಡಿದ ಅರ್ಧ ಶತಮಾನದ ಶ್ರಮವನ್ನು ಬಲ್ಲ ಯಾರಿಗಾದರೂ ಆ ಸಂಪುಟಗಳ ಸಾಲಿನ ಮುಂದೆ ನಿಂತಾಗ ಕೈಮುಗಿಯಬೇಕೆನಿಸುತ್ತದೆ. ಮಾತನಾಡುವವರು ಒಬ್ಬರೂ ಉಳಿಯದ ಭಾಷೆಗೆ, ಯಾವ ಲಾಭವನ್ನೂ ಎಣಿಸದೆ, ಒಂದು ಖಾಸಗಿ ಸಂಸ್ಥೆ ತೊಂಬತ್ತು ವರ್ಷ ಹಣ ಮತ್ತು ಮನಸ್ಸು ಕೊಟ್ಟಿತು ಎಂಬುದನ್ನು ನಾನು ಯಾವ ನೊಬೆಲ್ ಪಟ್ಟಿಗಿಂತಲೂ ದೊಡ್ಡದೆಂದು ಭಾವಿಸುತ್ತೇನೆ.

ಅದೇ ಉದಾರತೆಯ ಪಾಲು ಕನ್ನಡಕ್ಕೂ ಸಿಕ್ಕಿದೆ. ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಎ. ಕೆ. ರಾಮಾನುಜನ್ 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು 1993ರ ಜುಲೈನಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಕಲಿಸಿದರು. ಆ ಕಾಲದಲ್ಲಿ ದಕ್ಷಿಣ ಏಷ್ಯಾದ ಭಾಷೆ ಮತ್ತು ನಾಗರಿಕತೆಗಳ ವಿಭಾಗ ರೂಪುಗೊಳ್ಳುತ್ತಿತ್ತು. ಎಡ್ವರ್ಡ್ ಡಿಮಾಕ್ ಬಂಗಾಳಿ ವೈಷ್ಣವ ಸಾಹಿತ್ಯವನ್ನು, ವಾನ್ ಬ್ಯೂಟೆನನ್ ಮಹಾಭಾರತವನ್ನು ಹಿಡಿದು ಕೂತಿದ್ದ ಬಳಗದಲ್ಲಿ ರಾಮಾನುಜನ್ ಸಂಗಂ ಕವಿತೆಗಳನ್ನೂ ನಮ್ಮ ವಚನಗಳನ್ನೂ ಇಂಗ್ಲಿಷಿಗೆ ತಂದರು. ಅವರ ವಚನಾನುವಾದ 1973ರಲ್ಲಿ ಹೊರಬಂದ ಮೇಲೆ ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ಹೆಸರು ಕನ್ನಡ ಗೊತ್ತಿಲ್ಲದ ಲೋಕಕ್ಕೆ ತಲುಪಿತು. ದಿನದಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಿ, ಕನ್ನಡದಲ್ಲಿ ಪದ್ಯ ಬರೆದು, ಅಜ್ಜಿಯರ ಕಥೆಗಳನ್ನು ಸಂಗ್ರಹಿಸಿದ ಆ ಬದುಕಿಗೆ ಅವಕಾಶ ಕೊಟ್ಟದ್ದು ಈ ಸ್ಥಳ.

ರೀಗನ್‌ಸ್ಟೈನ್ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಸಾಲಿಗೆ ಹೋದಾಗ ಇನ್ನೊಂದು ವಿಚಾರ ಹೊಳೆಯಿತು. ಹಿರಿಯರಿಗೆ ಪಿ. ಎಲ್. 480 ಗೋಧಿಯ ನೆನಪಿರುತ್ತದೆ. ಅಮೆರಿಕ ಕಳಿಸಿದ ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಹಣ ಕೊಟ್ಟಿತು; ಇಲ್ಲಿಯೇ ಖರ್ಚಾಗಬೇಕಿದ್ದ ಆ ರೂಪಾಯಿಗಳ ಒಂದು ಭಾಗದಿಂದ 1962ರಿಂದ ಭಾರತದಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಮೆರಿಕದ ಆಯ್ದ ವಿಶ್ವವಿದ್ಯಾಲಯಗಳಿಗೆ ಕಳಿಸಲಾಯಿತು. ಶಿಕಾಗೊ ಅವುಗಳಲ್ಲಿ ಒಂದು. ಹೀಗಾಗಿ ಧಾರವಾಡದ, ಮೈಸೂರಿನ, ಬೆಂಗಳೂರಿನ ಸಣ್ಣ ಪ್ರಕಾಶಕರು ತಂದ, ಈಗ ಇಲ್ಲಿ ಹುಡುಕಿದರೂ ಸಿಗದ ಕಾದಂಬರಿಗಳೂ ಕವನ ಸಂಗ್ರಹಗಳೂ ಅಲ್ಲಿ ಗಟ್ಟಿ ರಟ್ಟು ಹಾಕಿಸಿಕೊಂಡು ಕೂತಿವೆ. ನನ್ನ ಗುರುಗಳೊಬ್ಬರ, ಅವರ ಮನೆಯವರ ಬಳಿಯೂ ಪ್ರತಿಯಿಲ್ಲದ, ಮೊದಲ ಕವನ ಸಂಗ್ರಹವನ್ನು ನಾನು ಅಲ್ಲಿ ಕೈಯಲ್ಲಿ ಹಿಡಿದೆ. ಪಕ್ಕದಲ್ಲೇ 2011ರಲ್ಲಿ ತೆರೆದ ಮನ್ಸುಯೆಟೊ ಗ್ರಂಥಾಲಯವಿದೆ: ಮೇಲೆ ಗಾಜಿನ ಗುಮ್ಮಟದ ಕೆಳಗೆ ಓದುವ ಮೇಜುಗಳು, ಕೆಳಗೆ ನೆಲದಾಳದಲ್ಲಿ 35 ಲಕ್ಷ ಸಂಪುಟಗಳಿಗೆ ಸ್ಥಳ, ಕೇಳಿದ ಪುಸ್ತಕವನ್ನು ಕೆಲವೇ ನಿಮಿಷಗಳಲ್ಲಿ ಮೇಲೆ ತರುವ ಯಂತ್ರ. ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ಉಚಿತವಾಗಿ ನೋಡುವಂತೆ ಮಾಡಿರುವ ಡಿಜಿಟಲ್ ದಕ್ಷಿಣ ಏಷ್ಯಾ ಗ್ರಂಥಾಲಯವೂ ಇವರದೇ. ಕನ್ನಡ ಪದಗಳ ಬೇರು ಹುಡುಕುವ ನಾನು ಅದನ್ನು ವಾರಕ್ಕೊಮ್ಮೆಯಾದರೂ ತೆರೆಯುತ್ತೇನೆ.

ಇನ್ನು ಕೊರತೆಗಳ ಮಾತು. ದೊಡ್ಡ ಕೊರತೆ ಸುತ್ತಲಿನ ಜನರೊಡನೆ ಈ ಸಂಸ್ಥೆ ನಡೆದುಕೊಂಡ ರೀತಿಯಲ್ಲಿದೆ. ಸುಣ್ಣಕಲ್ಲಿನ ಗಾಥಿಕ್ ಕಟ್ಟಡಗಳ ನಡುವೆ ನಿಂತರೆ ಹಳೆಯ ಮಠವೊಂದರ ಪ್ರಾಂಗಣದಲ್ಲಿದ್ದಂತೆ ಅನಿಸುತ್ತದೆ. ಆದರೆ ಕೆಲವು ಬೀದಿ ದಾಟಿದರೆ ದಶಕಗಳ ಬಡತನ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಜನರಿಗೆ ಮನೆ ಮಾರಬಾರದು, ಬಾಡಿಗೆಗೆ ಕೊಡಬಾರದು ಎಂಬ ಕರಾರುಗಳನ್ನು ಬೆಂಬಲಿಸಿದವರ ಪಟ್ಟಿಯಲ್ಲಿ 1930 ಮತ್ತು 40ರ ದಶಕಗಳ ಈ ವಿಶ್ವವಿದ್ಯಾಲಯವೂ ಇತ್ತು. ಮುಂದಿನ ಎರಡು ದಶಕಗಳಲ್ಲಿ ನಗರ ನವೀಕರಣದ ಹೆಸರಿನಲ್ಲಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಲಾಯಿತು, ಅವರಲ್ಲಿ ಕಪ್ಪು ಜನರೂ ಬಡವರೂ ಹೆಚ್ಚು. 1907ರಲ್ಲಿ ಸೇರಿದ ಜಾರ್ಜಿಯಾನಾ ಸಿಂಪ್ಸನ್ ಎಂಬ ಕಪ್ಪು ವಿದ್ಯಾರ್ಥಿನಿಯನ್ನು, ಬಿಳಿಯ ವಿದ್ಯಾರ್ಥಿನಿಯರು ಆಕ್ಷೇಪಿಸಿದರೆಂದು ಅಧ್ಯಕ್ಷರೇ ಹಾಸ್ಟೆಲಿನಿಂದ ಹೊರಗೆ ಕಳಿಸಿದ್ದರು. ಆಕೆ 1921ರಲ್ಲಿ ಜರ್ಮನ್ ಭಾಷಾಶಾಸ್ತ್ರದಲ್ಲಿ ಅಲ್ಲಿಂದಲೇ ಡಾಕ್ಟರೇಟ್ ಪಡೆದು, ಅಂಥ ಪದವಿ ಪಡೆದ ಅಮೆರಿಕದ ಮೊದಲ ಕಪ್ಪು ಮಹಿಳೆಯರಲ್ಲಿ ಒಬ್ಬರಾದರು. ಅವರ ಪ್ರತಿಮೆ ಅಲ್ಲಿ ಕೂತದ್ದು 2017ರಲ್ಲಿ. ದೊಡ್ಡ ಆಸ್ಪತ್ರೆಯಿದ್ದೂ ಗುಂಡೇಟು, ಅಪಘಾತಗಳಿಗೆ ಈಡಾದ ವಯಸ್ಕರ ಉನ್ನತ ತುರ್ತು ಚಿಕಿತ್ಸಾ ಘಟಕವನ್ನು 1988ರಲ್ಲಿ ಮುಚ್ಚಿದವರು, ಸ್ಥಳೀಯ ಯುವಜನರ ವರ್ಷಗಟ್ಟಲೆಯ ಹೋರಾಟದ ನಂತರ 2018ರಲ್ಲಷ್ಟೇ ಹೊಸದನ್ನು ತೆರೆದರು. ನ್ಯಾಯದ ಕುರಿತು ಮೇಜಿನ ಸುತ್ತ ಕೂತು ಪ್ಲೇಟೊನನ್ನು ಓದಿಸುವ ಸಂಸ್ಥೆ ತನ್ನ ಬೀದಿಯಲ್ಲಿ ಹೀಗೆ ನಡೆದುಕೊಂಡದ್ದು ನನಗೆ ನೋವು ಕೊಡುತ್ತದೆ. ಅಲ್ಲಿ ಓದುವ ನಮ್ಮ ಮಕ್ಕಳು ಈ ಚರಿತ್ರೆಯನ್ನು ತಿಳಿದಿರಲಿ, ನೆರೆಯವರನ್ನು ಕೇವಲ ಭಯದ ಕಣ್ಣಿನಿಂದ ನೋಡದಿರಲಿ ಎಂದು ಬಯಸುತ್ತೇನೆ. ಸುರಕ್ಷತೆಯ ವಿಷಯದಲ್ಲಿ ದೊಡ್ಡ ನಗರದಲ್ಲಿ ಬೇಕಾದ ಎಚ್ಚರ ಬೇಕು. ರಾತ್ರಿ ಹೊತ್ತು ವಿಶ್ವವಿದ್ಯಾಲಯದ ಷಟಲ್ ಬಸ್ಸುಗಳಿವೆ, ಅದರದೇ ಪೊಲೀಸ್ ಪಡೆಯಿದೆ.

ಖರ್ಚಿನ ಲೆಕ್ಕ ಹೀಗಿದೆ. ಪದವಿ ವಿದ್ಯಾರ್ಥಿಗೆ ಶುಲ್ಕ, ಊಟ, ವಸತಿ ಸೇರಿ ವರ್ಷದ ವೆಚ್ಚ 90,000 ಡಾಲರ್ ದಾಟಿದೆ, ಅಂದರೆ ನಾಲ್ಕು ವರ್ಷಕ್ಕೆ ಮೂರು ಕೋಟಿ ರೂಪಾಯಿಗೂ ಮೇಲೆ. ಅಮೆರಿಕದ ಬಡ ಮತ್ತು ಮಧ್ಯಮ ಆದಾಯದ ಮಕ್ಕಳಿಗೆ ಸಾಲವಿಲ್ಲದ ಉದಾರ ನೆರವಿದೆ. ಹೊರದೇಶದವರಿಗೂ ನೆರವುಂಟು, ಆದರೆ ನೆರವು ಕೇಳಿದ್ದು ಪ್ರವೇಶದ ನಿರ್ಣಯದಲ್ಲಿ ಗಣನೆಗೆ ಬರುತ್ತದೆ. ನೆರವಿನ ಲೆಕ್ಕ ಹಾಕುವಾಗ ಹಲವು ಶ್ರೀಮಂತ ವಿಶ್ವವಿದ್ಯಾಲಯಗಳು ಒಳಒಪ್ಪಂದ ಮಾಡಿಕೊಂಡಿದ್ದವೆಂಬ ಮೊಕದ್ದಮೆಯಲ್ಲಿ ಶಿಕಾಗೊ 2023ರಲ್ಲಿ ತಪ್ಪು ಒಪ್ಪಿಕೊಳ್ಳದೆ 1.35 ಕೋಟಿ ಡಾಲರ್ ಕೊಟ್ಟು ಮೊದಲಿಗೆ ರಾಜಿ ಮಾಡಿಕೊಂಡಿತು. ಇಪ್ಪತ್ತು ವರ್ಷದ ಹಿಂದೆ ಅರ್ಜಿ ಹಾಕಿದ ನೂರರಲ್ಲಿ ಸುಮಾರು ನಲವತ್ತು ಮಂದಿಗೆ ಸೀಟು ಸಿಗುತ್ತಿದ್ದ ಕಡೆ ಈಗ ನಾಲ್ಕೈದು ಮಂದಿಗೆ ಸಿಗುತ್ತದೆ. ಡಾಕ್ಟರೇಟ್ ವಿದ್ಯಾರ್ಥಿಗಳ ಲೆಕ್ಕ ಬೇರೆ: ಅವರು ಸಾಮಾನ್ಯವಾಗಿ ಶುಲ್ಕ ಕಟ್ಟುವುದಿಲ್ಲ, ಜೀವನಕ್ಕೆ ವೇತನ ಪಡೆಯುತ್ತಾರೆ. ಒಂದು ವರ್ಷದ ಸ್ನಾತಕೋತ್ತರ ಕೋರ್ಸುಗಳಿಗೆ ಮಾತ್ರ ಬಹುತೇಕ ಸ್ವಂತ ಹಣವೇ ಬೇಕು. ಸಾಲ ಮಾಡಿ ಅವುಗಳಿಗೆ ಹೋಗುವ ಮೊದಲು ಎರಡು ಸಲ ಯೋಚಿಸಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಒಂಬತ್ತು ತಿಂಗಳು ಆ ಓದಿನ ರೂಢಿ ಮೈಗೂಡಲು ಸಾಲದು.

ಈಚಿನ ಒಂದು ಬೆಳವಣಿಗೆ ನನ್ನನ್ನು ನಿಜವಾಗಿಯೂ ಕಂಗೆಡಿಸಿದೆ. 2025ರ ಆಗಸ್ಟ್‌ನಲ್ಲಿ, ಹಣಕಾಸಿನ ಒತ್ತಡದ ನಡುವೆ, ಕಲೆ ಮತ್ತು ಮಾನವಿಕ ವಿಭಾಗದ ಹಲವು ಶಾಖೆಗಳಲ್ಲಿ ಮರುವರ್ಷದ ಡಾಕ್ಟರೇಟ್ ಪ್ರವೇಶವನ್ನು ನಿಲ್ಲಿಸುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು. ಒಂದು ವರ್ಷದ ಮಾತು ಎನ್ನಬಹುದು. ಆದರೆ ಅಪರೂಪದ ಭಾಷೆಗಳ ಅಧ್ಯಯನ ಗುರುವಿನಿಂದ ಶಿಷ್ಯನಿಗೆ ದಾಟುವ ಕೆಲಸ. ಒಂದೆರಡು ತಂಡ ತಪ್ಪಿದರೆ ಕೊಂಡಿಯೇ ಕಳಚುತ್ತದೆ, ಮತ್ತೆ ಹಣ ಬಂದಾಗ ಕಲಿಸುವವರು ಇರುವುದಿಲ್ಲ. ತೊಂಬತ್ತು ವರ್ಷ ಕಾದು ನಿಘಂಟು ಮುಗಿಸಿದ ಸಂಸ್ಥೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪದವಿ ವಿದ್ಯಾರ್ಥಿಗಳ ಪೋಷಕರಿಗೂ ಇದು ಸಂಬಂಧಿಸಿದ್ದೇ, ಏಕೆಂದರೆ ಕೋರ್ ತರಗತಿಗಳ ಮೇಜಿನ ತಲೆಯಲ್ಲಿ ಕೂರುವವರು ಬರುವುದು ಈ ವಿಭಾಗಗಳಿಂದಲೇ.

ಹಾಗಾದರೆ ಯಾರನ್ನು ಕಳಿಸಬಹುದು? ಕೈಯಲ್ಲಿ ಹಣ ಅಥವಾ ಸಾಕಷ್ಟು ನೆರವು ಇದ್ದು, ಪುಸ್ತಕ ಹಿಡಿದರೆ ಊಟ ಮರೆಯುವ, ಎದುರು ಮಾತಾಡಲು ಅಂಜದ, ತಪ್ಪೆಂದಾಗ ಅಭಿಪ್ರಾಯ ಬದಲಿಸಬಲ್ಲ ಮಗುವಿದ್ದರೆ ನಿಸ್ಸಂಕೋಚವಾಗಿ ಕಳಿಸಿ. ಕೇವಲ ಕ್ಯಾಂಪಸ್ ನೇಮಕಾತಿಯ ಸಂಬಳಕ್ಕಾಗಿ ಬೇಡ. ಚಳಿಗೆ ಒಳ್ಳೆಯ ಕೋಟು ಬೂಟು ಅಲ್ಲಿಯೇ ಕೊಳ್ಳುವುದು ಮೇಲು. ಬೇಳೆ, ಹುಣಸೆಹಣ್ಣಿಗೆ ನಗರದ ಉತ್ತರ ತುದಿಯ ಡೆವನ್ ಬೀದಿಗೆ ಹೋಗಿಬರಲು ಅರ್ಧ ದಿನ ಬೇಕು. ಕನ್ನಡ ಮಾತಿಗೆ ಹಾತೊರೆದಾಗ ವಿದ್ಯಾರಣ್ಯ ಕನ್ನಡ ಕೂಟದವರಿದ್ದಾರೆ. ಸೀಟು ಸಿಕ್ಕವರನ್ನು ವಸಂತದಲ್ಲಿ ಕರೆಸಿ ಸುತ್ತಾಡಿಸುವ ದಿನಗಳಿರುತ್ತವೆ. ಹೋಗಲು ಸಾಧ್ಯವಾದರೆ ಕಟ್ಟಡಗಳನ್ನು ಆಮೇಲೆ ನೋಡಿ, ಮೊದಲು ಒಂದು ಕೋರ್ ತರಗತಿಯಲ್ಲಿ ಕೂರಲು ಅನುಮತಿ ಕೇಳಿ.

ನಾನು ಮೇ ತಿಂಗಳಲ್ಲಿ ಕೂತ ತರಗತಿ ದಕ್ಷಿಣ ಏಷ್ಯಾದ ನಾಗರಿಕತೆಯದು. 1950ರ ದಶಕದಿಂದ ಅಲ್ಲಿ ನಡೆದುಬಂದಿರುವ ಪಾಠಸರಣಿ. ಅಂದು ಎದುರಿಗಿದ್ದದ್ದು ರಾಮಾನುಜನ್ ಅನುವಾದಿಸಿದ ಬಸವಣ್ಣನವರ ವಚನ, ದೇಹವನ್ನೇ ದೇಗುಲವೆನ್ನುವ ವಚನ. ಸ್ಥಾವರ, ಜಂಗಮ ಎಂಬ ಎರಡು ಪದಗಳಿಗೆ ಇಂಗ್ಲಿಷಿನಲ್ಲಿ ಏನು ಹೇಳಬಹುದೆಂಬುದರ ಮೇಲೆ ಕೊರಿಯಾದ ಹುಡುಗನೊಬ್ಬನೂ ಟೆಕ್ಸಸ್‌ನ ಹುಡುಗಿಯೊಬ್ಬಳೂ ಮುಕ್ಕಾಲು ಗಂಟೆ ವಾದಿಸಿದರು. ಅಧ್ಯಾಪಕಿ ಕೊನೆಗೆ ನನ್ನ ಸೊಸೆಯ ಕಡೆ ತಿರುಗಿ, ಮೂಲವನ್ನು ಓದುವೆಯಾ ಎಂದು ಕೇಳಿದರು. ಬೆಂಗಳೂರಿನ ಶಾಲೆಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ಆ ವಚನವನ್ನು ಅವಳು ಎದ್ದು ನಿಂತು, ಒಂದೊಂದು ಪದವನ್ನೂ ಈಗ ತಾನೇ ಕೇಳುತ್ತಿರುವವಳಂತೆ, ನಿಧಾನವಾಗಿ ಹೇಳಿದಳು. ಎಲ್ಲರೂ ಪೆನ್ಸಿಲ್ ಕೆಳಗಿಟ್ಟಿದ್ದರು.